ನರಕ ಚತುರ್ದಶಿಯ ಲೆಕ್ಕ

ಹಿಂದಕ್ಕೆ ಬಂದ ಕಾರೊಂದು ನನ್ನ ಬಲ ಮೊಣಕಾಲು ಮುರಿದದ್ದು ನರಕ ಚತುರ್ದಶಿಯ ಬೆಳಿಗ್ಗೆ. ಎಣ್ಣೆ ಸ್ನಾನ ಮುಗಿಸಿ, ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಕಟ್ಟಡದಿಂದ ಹಾಲು ತರಲು ಇಳಿದಿದ್ದೆ. ತಪ್ಪು ಡ್ರೈವರನದ್ದೇ ಎಂದು ಪೊಲೀಸರು ಬರೆದುಕೊಟ್ಟರು. ಪರಿಹಾರಕ್ಕೆ ಕೇಸು ಹಾಕೋಣ ಎಂದ ಮಗ. ಬೇಡವೆಂದವಳು ನಾನೇ. ಈ ಅರಬರ ದೇಶದಲ್ಲಿ ಕೋರ್ಟು ಹತ್ತಿದರೆ ಅವನ ವೀಸಾ ಹೋದೀತು ಎಂಬ ಹೆದರಿಕೆ.

ಕಾಲು ಸರಿಯಾಗಲಿಲ್ಲ. ಮೂರನೆಯ ವರ್ಷ ಡಾಕ್ಟರು, ಇನ್ನೊಂದು ಆಪರೇಷನ್ ಆಗದಿದ್ದರೆ ಗಾಲಿಕುರ್ಚಿಯೇ ಗತಿ ಎಂದರು. ಆ ಖರ್ಚು ಮಗನ ಕೈಯಲ್ಲಿ ಆಗುವಂಥದ್ದಲ್ಲ. ವಕೀಲರನ್ನು ಕೇಳಿದೆವು. ಅಪಘಾತದಿಂದ ಮೂರು ವರ್ಷದೊಳಗೆ ಕೇಸು ಹಾಕಬೇಕು, ಒಂದು ದಿನ ದಾಟಿದರೂ ಆಗದು ಎಂದರು. ಪೊಲೀಸರ ಕಾಗದ ಅರಬಿಯಲ್ಲಿತ್ತು. ಕಪಾಟಿನ ಬಟ್ಟೆಗಳ ಅಡಿಯಲ್ಲಿ ಬಿದ್ದಿತ್ತು. ದಿನ ಯಾವುದೆಂದು ಮಗ ನನ್ನ ಮುಖ ನೋಡಿದ. "ದೀಪಾವಳಿಗೆ ಮೂರು ತುಂಬುತ್ತದೆ" ಎಂದೆ. ಮಕ್ಕಳು ಹುಟ್ಟಿದ ದಿನವನ್ನೂ ತಿಥಿಯಲ್ಲೇ ನೆನಪಿಟ್ಟವಳು ನಾನು.

ನವರಾತ್ರಿ ಶುರುವಾದ ದಿನ ಸೊಸೆ ಆ ಕಾಗದವನ್ನು ಅರಬಿ ಬಲ್ಲವರಿರುವ ಟೈಪಿಂಗ್ ಅಂಗಡಿಯಲ್ಲಿ ಓದಿಸಿಕೊಂಡು ಬಂದಳು. ಚಪ್ಪಲಿ ತೆಗೆಯದೆ ಒಳಗೆ ನಿಂತಳು.

"ಅತ್ತೆ, ನಾಳೆಗೆ ಮೂರು ವರ್ಷ ಮುಗೀತದೆ."

"ಎಂತ ಮುಗಿಯುವುದು? ದೀಪಾವಳಿಗೆ ಇನ್ನೂ ತಿಂಗಳುಂಟು."

"ಈ ವರ್ಷ ಅಧಿಕ ಮಾಸ ಬಂದು ಹಬ್ಬ ಮುಂದೆ ಹೋದದ್ದು ಮರೆತಿರಾ? ಕೋರ್ಟಿನವರು ನಿಮ್ಮ ಪಂಚಾಂಗ ನೋಡ್ತಾರಾ? ಅವರಿಗೆ ಕಾಗದದ ತಾರೀಕೇ ಲೆಕ್ಕ."

ಅಧಿಕ ಮಾಸಕ್ಕೆಂದು ಮೂವತ್ತಮೂರು ಅಪ್ಪ ಕರಿದು ಹಂಚಿದವಳು ನಾನೇ. ಮಗನಿಗೆ ಫೋನು ಮಾಡು ಎಂದೆ.

ಮರುದಿನ ಬೆಳಿಗ್ಗೆ ನೋಟರಿಯ ಮುಂದೆ ವಕೀಲರಿಗೆ ಅಧಿಕಾರ ಬರೆದುಕೊಡಬೇಕಿತ್ತು. ನನಗೆ ಬರುವುದು ಹೆಸರಿನ ನಾಲ್ಕಕ್ಷರ; ಅವಸರದಲ್ಲಿ ಅದೂ ಕೆಟ್ಟಿತು. ಸಹಿ ಪಾಸ್‌ಪೋರ್ಟಿನಲ್ಲಿದ್ದಂತೆ ಇಲ್ಲ ಎಂದರು ನೋಟರಿ.

"ಅಮ್ಮ, ಮೆಲ್ಲ ಬರೀರಿ, ಅವಸರ ಇಲ್ಲ" ಎಂದ ಮಗ.

"ಸುಳ್ಳು ಹೇಳಬೇಡ" ಎಂದೆ.

ಮೂರನೆಯ ಸಲಕ್ಕೆ ಒಪ್ಪಿದರು. ವಕೀಲರು ಕಾಗದ ಹಿಡಿದು ಕೋರ್ಟಿಗೆ ಹೋದರು. ಜುಮೇರಾ ಲೇಕ್ ಟವರ್ಸ್‌ನ ಅವರ ಆಫೀಸಿನಲ್ಲಿ ನಾವು ಕೂತೆವು. ಕೌಂಟರು ಮುಚ್ಚುವ ಹೊತ್ತಿಗೆ ಫೋನು ಬಂತು: ಅರ್ಜಿ ಸೇರಿತು. ಅವರು ಫೋನಿಗೆ ಕಳಿಸಿದ ರಸೀತಿಯ ಮೇಲಿನ ತಾರೀಕನ್ನು ಮಗನಿಂದ ಎರಡು ಸಲ ಓದಿಸಿದೆ. ಆಮೇಲೆ ಸೊಸೆಯಿಂದಲೂ.

ತಿಂಗಳು ಕಳೆದು ನರಕ ಚತುರ್ದಶಿ ಬಂತು. ಸೊಸೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ನನ್ನ ಲೆಕ್ಕ ನಂಬಿದ್ದರೆ ಕೋರ್ಟಿಗೆ ಹೊರಡುವ ದಿನ ಅದು. ಕಾಲನ್ನು ಹಿಂದಕ್ಕೆ ಎಳೆದುಕೊಂಡೆ.

"ನೋವಾಯ್ತಾ ಅತ್ತೆ?"

"ಇಲ್ಲ, ತಿಕ್ಕು."