ಟ್ರಸ್ಟಿಗಳು ಬಂದ ದಿನ ಕರೆಂಟು ಹೋಯಿತು

ನಾನು ಕೆಲಸ ಮಾಡುವ ಟ್ರಸ್ಟಿನ ಕಚೇರಿ ಸ್ಯಾನ್ ಫ್ರಾನ್ಸಿಸ್ಕೋ ಪಕ್ಕದ ಓಕ್ಲ್ಯಾಂಡ್‌ನಲ್ಲಿದೆ. ಹಳೆಯ ಶ್ರೀಮಂತ ಕುಟುಂಬವೊಂದು ಕಟ್ಟಿದ ಟ್ರಸ್ಟು. ಊರಿನ ಸಂಘಸಂಸ್ಥೆಗಳಿಗೆ ಹಣ ಕೊಡುವುದು ಅದರ ಕೆಲಸ. ಯಾರಿಗೆ ಕೊಡಬಹುದೆಂದು ಹೋಗಿ ನೋಡಿ, ಮಾತಾಡಿ, ಟ್ರಸ್ಟಿಗಳಿಗೆ ತಿಳಿಸುವುದು ನನ್ನ ಕೆಲಸ. ನಮ್ಮ ಮನೆಯಿರುವ ಫ್ರೀಮಾಂಟ್‌ನಿಂದ ಟ್ರೇನಿನಲ್ಲಿ ಹೋಗಿಬರುತ್ತೇನೆ. ಮಂಡ್ಯದಲ್ಲಿರುವ ನಮ್ಮತ್ತೆ ಫೋನಿನಲ್ಲಿ ಯಾರಿಗೋ, "ಇನ್ನೊಬ್ಬರ ದುಡ್ಡು ದಾನ ಮಾಡೋ ಕೆಲ್ಸ" ಎಂದು ವಿವರಿಸುತ್ತಿದ್ದುದನ್ನು ಕೇಳಿಸಿಕೊಂಡಿದ್ದೇನೆ. ಅಷ್ಟೇನೂ ತಪ್ಪಲ್ಲ.

ಆ ವರ್ಷ ಟ್ರಸ್ಟು, ಕಪ್ಪು ಸಮುದಾಯದವರೇ ಕಟ್ಟಿ ನಡೆಸುವ ಸಂಸ್ಥೆಗಳಿಗೆ ಕೆಲವು ವರ್ಷ ಬಿಡದೆ ನೆರವು ಕೊಡಬೇಕೆಂದು ತೀರ್ಮಾನಿಸಿತ್ತು. ನಾನು ಸೂಚಿಸಿದ ಸಂಸ್ಥೆ ಊರಿನ ಪೂರ್ವಭಾಗದಲ್ಲಿ, ಫ್ರೀವೇ ಪಕ್ಕದ ಹಳೆಯ ಟೈರ್ ಅಂಗಡಿಯೊಂದರಲ್ಲಿತ್ತು. ಆ ಸುತ್ತಿನ ಮನೆಗಳಲ್ಲಿ ಒಂಟಿಯಾಗಿರುವ ವಯಸ್ಸಾದವರನ್ನು, ಅದರಲ್ಲೂ ಉಸಿರಾಟದ ತೊಂದರೆ ಇರುವವರನ್ನು, ಹೋಗಿ ನೋಡಿಕೊಳ್ಳುವುದು ಅವರ ಕೆಲಸ. ಕಟ್ಟಿದವರು ಸ್ಕೂಲಿನ ಪ್ರಿನ್ಸಿಪಾಲರಾಗಿ ನಿವೃತ್ತರಾದ ಹೆಂಗಸು. ಎತ್ತರದ ಆಳು, ಬೆಳ್ಳಗಾದ ಗಿಡ್ಡ ಕೂದಲು. ಕೋಣೆಗೆ ಅವರು ಬಂದರೆ ಕೂತವರು ತಾವಾಗಿಯೇ ನೆಟ್ಟಗಾಗುತ್ತಿದ್ದರು. ನಾನೂ ಅಷ್ಟೆ. ಅವರನ್ನು ಮನಸ್ಸಿನಲ್ಲಿ ಮೇಡಂ ಎಂದೇ ಕರೆಯುತ್ತಿದ್ದೆ.

ನನ್ನ ಸೂಚನೆಯನ್ನು ನಮ್ಮ ಅಧ್ಯಕ್ಷರು ಒಪ್ಪಿದರು. ಒಂದು ಷರತ್ತಿನ ಮೇಲೆ. ಹಣವನ್ನು ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಸೇವಾಸಂಸ್ಥೆಯೊಂದಕ್ಕೆ ಕೊಡುವುದು, ಅವರು ಅದನ್ನು ಈ ಸಂಸ್ಥೆಗೆ ಬೇಕಾದ ಹಾಗೆ ಬಿಡುಗಡೆ ಮಾಡುತ್ತ, ಕೆಲಸದ ಮೇಲೂ ಕಣ್ಣಿಡುವುದು. ಅದಕ್ಕೆ ಅವರು ಇಟ್ಟ ಹೆಸರು ಪಾಲುದಾರಿಕೆ. ಇದನ್ನು ಹೋಗಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಮೇಡಂ ಪೂರ್ತಿ ಕೇಳಿಸಿಕೊಂಡರು. ಪಕ್ಕದಲ್ಲಿ ಅವರ ಜೊತೆಗಾತಿ ಕೂತಿದ್ದಳು. ಮೂವತ್ತೈದರ ಆಸುಪಾಸಿನವಳು, ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವಳು. ಎಷ್ಟೋ ವರ್ಷದಿಂದ ಸಂಸ್ಥೆಯ ದಿನನಿತ್ಯದ ಕೆಲಸ ನೋಡಿಕೊಳ್ಳುತ್ತಿದ್ದಳು.

"ಅಂದ್ರೆ ಮನೆ ನಮ್ಮದು, ಬೀಗದ ಕೈ ಇನ್ನೊಬ್ಬರ ಹತ್ರ," ಎಂದರು ಮೇಡಂ.

"ಹಾಗಲ್ಲ, ಲೆಕ್ಕಪತ್ರಕ್ಕೆ ಸಹಾಯ ಆಗುತ್ತೆ ಅಂತ..."

"ನೀನು ಇದನ್ನ ಒಪ್ತೀಯೇನಮ್ಮ?"

"ತೀರ್ಮಾನ ನನ್ನ ಕೈಲಿಲ್ಲ ಮೇಡಂ."

"ನಿನ್ನ ಕೈಲಿ ಏನಿದೆ ಅಂತ ಕೇಳ್ಲಿಲ್ಲ. ಒಪ್ತೀಯಾ ಅಂತ ಕೇಳ್ದೆ."

"ಇಲ್ಲ," ಎಂದೆ.

"ಸರಿ. ಇದನ್ನ ನಿಮ್ಮ ಅಧ್ಯಕ್ಷರಿಗೂ ಹೇಳು. ಅವರು ಇಲ್ಲಿಗೆ ಬಂದು ನಮ್ಮೆದುರೇ ಕೂತು ಮಾತಾಡ್ಲಿ."

ಹೇಳುವುದು ಅಷ್ಟು ಸುಲಭವಿರಲಿಲ್ಲ. ಆ ವಸಂತದಲ್ಲಿ ನಮ್ಮ ಮನೆಯವರ ಕಂಪನಿ ಒಂದು ಇಡೀ ವಿಭಾಗವನ್ನೇ ಮುಚ್ಚಿತ್ತು. ಅವರು ಮನೆಯಲ್ಲಿ ಕೂತು ಇಂಟರ್‌ವ್ಯೂಗಳಿಗೆ ತಯಾರಾಗುತ್ತಿದ್ದರು. ಇಡೀ ಮನೆಯ ಆರೋಗ್ಯ ವಿಮೆ ನನ್ನ ಕೆಲಸದ ಮೇಲೆ ನಿಂತಿತ್ತು. ವಿಷಯ ತಿಳಿಸಿದಾಗ ಅವರು ಅಕ್ಕಿ ತೊಳೆಯುತ್ತಿದ್ದವರು ಕೈ ನಿಲ್ಲಿಸಿದರು.

"ಬಾಸ್‌ಗೆ ಎದುರು ಮಾತಾಡೋಕೆ ಇದೇ ಟೈಮು ಸಿಕ್ತಾ ನಿಂಗೆ?"

"ಎದುರು ಮಾತಲ್ಲ. ನನಗೆ ಅನ್ಸಿದ್ದನ್ನ ಹೇಳೋದು."

"ಎರಡೂ ಒಂದೇ. ನಮ್ಮವರಿಗೇ ಎಷ್ಟೋ ಜನಕ್ಕೆ ಕೆಲ್ಸ ಹೋಗಿದೆ, ಅವರಿಗೆ ಯಾರು ಬರ್ತಾರೆ? ನೀನು ನೋಡಿದ್ರೆ ಆ ಏರಿಯಾದಲ್ಲಿ ಓಡಾಡ್ಕೊಂಡು..."

ಮಾತು ಅರ್ಧಕ್ಕೆ ನಿಂತಿತು. ಮಗಳು ಮೆಟ್ಟಿಲ ಮೇಲೆ ನಿಂತಿದ್ದಳು. "ವಾಟ್ ಏರಿಯಾ, ಅಪ್ಪಾ?" ಎಂದಳು. ಅವರು ಮತ್ತೆ ಅಕ್ಕಿ ತೊಳೆಯತೊಡಗಿದರು. ಆ ವಾರವೆಲ್ಲ ನಾವು ಊಟಕ್ಕೆ, ಕಸಕ್ಕೆ, ಕಾರಿನ ಪೆಟ್ರೋಲಿಗೆ ಎಷ್ಟು ಬೇಕೋ ಅಷ್ಟೇ ಮಾತಾಡಿದೆವು.

ಅಧ್ಯಕ್ಷರಿಗೆ ಹೇಳಿದೆ. ಅವರು ಕೂಗಾಡುವ ಮನುಷ್ಯರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು, "ಆಯ್ತು, ಹೋಗಿ ನೋಡೋಣ," ಎಂದರು. ಆ ಮೆದು ದನಿಯೇ ನನಗೆ ಹೆಚ್ಚು ದಿಗಿಲು ಹುಟ್ಟಿಸಿತು.

ಅವರು ಬಂದ ದಿನ ಬೆಳಗಿನಿಂದಲೇ ಬಿಸಿಲು ಸುಡುತ್ತಿತ್ತು. ಎಲ್ಲರ ಊಟಕ್ಕೆಂದು ಫ್ರೀಮಾಂಟ್‌ನ ಹೋಟೆಲಿನಿಂದ ತಟ್ಟೆಗಟ್ಟಲೆ ಪಲಾವು, ತಿಂಡಿ ಒಯ್ಯಬೇಕಿದ್ದರಿಂದ ನಾನು ಕಾರಿನಲ್ಲೇ ಹೋಗಿದ್ದೆ. ಅಧ್ಯಕ್ಷರ ಜೊತೆ ಇನ್ನಿಬ್ಬರು ಟ್ರಸ್ಟಿಗಳಿದ್ದರು. ಒಬ್ಬರು ಅವರ ಸೋದರ ಸಂಬಂಧಿ, ಇನ್ನೊಬ್ಬರು ನಿವೃತ್ತ ಡಾಕ್ಟರಮ್ಮ. ಟೈರ್ ಅಂಗಡಿಯ ಹಾಲ್‌ನಲ್ಲಿ ಮಡಚುವ ಕುರ್ಚಿಗಳು, ಎರಡು ಫ್ಯಾನು. ಮೇಡಂ ಕೆಲಸದ ಬಗ್ಗೆ ಹೇಳಿದರು. ಅಧ್ಯಕ್ಷರು ತಲೆಯಾಡಿಸುತ್ತ ಕೇಳಿ, ಕೊನೆಗೆ ತಮ್ಮ ಮಾತಿಗೆ ಬಂದರು.

"ನಿಮ್ಮ ಕೆಲಸದ ಬಗ್ಗೆ ಗೌರವ ಇದೆ. ಆದರೆ ಎಲ್ಲ ನಿಮ್ಮೊಬ್ಬರ ಮೇಲೆ ನಿಂತಿದೆ. ನಾಳೆ ನೀವಿಲ್ಲದಿದ್ದರೆ?"

ಮೇಡಂ ಬಾಯಿ ತೆರೆಯುವಷ್ಟರಲ್ಲಿ ಫ್ಯಾನುಗಳು ನಿಧಾನವಾಗಿ ನಿಂತವು. ಎಲ್ಲರೂ ಮೇಲೆ ನೋಡಿದೆವು. ಹೊರಗೆ ಸಿಗ್ನಲ್ಲಿನ ದೀಪವೂ ಆರಿತ್ತು. ಸ್ವಲ್ಪ ಹೊತ್ತಿಗೆಲ್ಲ ಜೊತೆಗಾತಿಯ ಫೋನು ಹೊಡೆದುಕೊಂಡಿತು, ಅದರ ಬೆನ್ನಿಗೇ ಮೇಜಿನ ಮೇಲಿನದು. ಸುತ್ತಿನ ಬೀದಿಗಳಲ್ಲೆಲ್ಲ ಕರೆಂಟು ಹೋಗಿತ್ತು. ಆಕ್ಸಿಜನ್ ಮಷೀನಿನ ಮೇಲೆ ಬದುಕುವವರ ಮನೆಗಳೂ ಅದರಲ್ಲಿದ್ದವು. ಮಷೀನಿನ ಬ್ಯಾಟರಿ ಹೆಚ್ಚು ಹೊತ್ತು ಬರುವುದಿಲ್ಲ. ಅಷ್ಟರೊಳಗೆ ಸಿಲಿಂಡರು ಮುಟ್ಟಬೇಕು.

ಜೊತೆಗಾತಿ ಯಾರು ಯಾವ ಮನೆಗೆ ಎಂದು ಫೋನಿನಲ್ಲೇ ಹಂಚತೊಡಗಿದಳು. ಸಂಬಳವಿಲ್ಲದೆ, ಬಿಡುವಿನಲ್ಲಿ ಬಂದು ದುಡಿಯುವ ಕಾರ್ಯಕರ್ತರಲ್ಲಿ ಒಬ್ಬಾತ ಪಕ್ಕದೂರು ಹೇವರ್ಡ್‌ನ ಗೋದಾಮಿನ ಪಾಳಿಯಲ್ಲಿ ಸಿಕ್ಕಿಕೊಂಡಿದ್ದ. ಅವನ ಪಾಲಿನ ಮನೆಗಳು ಉಳಿದವು. ಮೇಡಂ ಎದ್ದರು.

"ಕ್ಷಮಿಸಿ, ನಾನು ಹೋಗ್ಬೇಕು. ನಿಮ್ಮ ಪ್ರಶ್ನೆಗೆ ಇವಳು ಉತ್ತರ ಕೊಡ್ತಾಳೆ. ಮುಂದಿನ ವರ್ಷದಿಂದ ಈ ಸಂಸ್ಥೆ ನಡೆಸೋಳು ಇವಳೇ."

ಜೊತೆಗಾತಿ ಫೋನು ಕಿವಿಗಿಟ್ಟುಕೊಂಡೇ ಅವರನ್ನು ತಿರುಗಿ ನೋಡಿದಳು. ಅವಳಿಗೂ ಆಗಲೇ ಗೊತ್ತಾದದ್ದು ಎಂದು ಆಮೇಲೆ ತಿಳಿಯಿತು.

ಮೇಡಂ ನನ್ನ ಕಡೆ ತಿರುಗಿದರು. "ಕಾರ್ ತಂದಿದೀಯಾ?"

ನಾನು ಅಧ್ಯಕ್ಷರನ್ನು ನೋಡಿದೆ. ಅವರ ಮುಖ ಬಿಗಿದಿತ್ತು. "ನಮ್ಮ ಮೀಟಿಂಗು ಇನ್ನೂ ಮುಗಿದಿಲ್ಲ," ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿರುವ ನಮ್ಮವರು ಕಣ್ಣಿಗೆ ಬಂದರು. ಆದರೂ ನಾನು ಎದ್ದು ನಿಂತಾಗಿತ್ತು. "ಮುಗಿಸಿಕೊಂಡು ಬರ್ತೀನಿ ಸರ್," ಎಂದೆ. ಏನನ್ನು ಮುಗಿಸುವುದೆಂದು ಅವರೂ ಕೇಳಲಿಲ್ಲ.

ಸಿಲಿಂಡರುಗಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಬೆಲ್ಟು ಬಿಗಿದೆವು. ಸಿಗ್ನಲ್ಲಿಲ್ಲದ ಪ್ರತಿ ಕ್ರಾಸಿನಲ್ಲೂ ಕಾರುಗಳು ಒಂದಕ್ಕೊಂದು ಮುಖ ಕೊಟ್ಟು ನಿಂತಿದ್ದವು. ಮೇಡಂ ಎಡಕ್ಕೆ, ಬಲಕ್ಕೆ ಎಂದು ದಾರಿ ಹೇಳುತ್ತಿದ್ದರು.

ಮೊದಲ ಮನೆ ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯಲ್ಲಿತ್ತು. ಲಿಫ್ಟು ನಿಂತಿತ್ತು. ಸಿಲಿಂಡರಿನ ಎರಡು ತುದಿ ಇಬ್ಬರೂ ಹಿಡಿದು ಮೆಟ್ಟಿಲು ಹತ್ತಿದೆವು. ಮೇಡಂ ಮಂಡಿ ನೋವಿಗೆ ಹಲ್ಲು ಕಚ್ಚುತ್ತಿದ್ದುದು ಕಾಣುತ್ತಿತ್ತು, ನಿಲ್ಲೋಣವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಬಾಗಿಲು ತಟ್ಟಿದರೆ ಒಳಗಿನಿಂದ ಸದ್ದಿಲ್ಲ. ಮೇಡಂ ಹತ್ತಿರ ಆ ಮನೆಯ ಇನ್ನೊಂದು ಕೀ ಇತ್ತು.

ಬಂದರಿನಲ್ಲಿ ಕ್ರೇನ್ ನಡೆಸಿ ನಿವೃತ್ತರಾದ ಮುದುಕರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿದ್ದರು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮಷೀನು ಸುಮ್ಮನಾಗಿತ್ತು. ಮೇಡಂ ನೆಲದ ಮೇಲೆ ಕೂತು ಸಿಲಿಂಡರಿನ ಮೇಲೆ ನಳಿಕೆ ಕೂರಿಸತೊಡಗಿದರು. ಅದು ಕೂರಲಿಲ್ಲ. ಮತ್ತೆ ತೆಗೆದರು, ಮತ್ತೆ ಇಟ್ಟರು.

"ನೀನು ಅವರ ಮುಂದೆ ಕೂತ್ಕೋ. ಕೈ ಹಿಡ್ಕೊಂಡು ಉಸಿರಾಡು. ಅವರು ನಿನ್ನ ನೋಡ್ಲಿ."

ಕೂತೆ. ದೊಡ್ಡ, ಒರಟು, ತಣ್ಣನೆಯ ಕೈ. ನಾನು ಉಸಿರು ಎಳೆದುಕೊಂಡೆ, ಬಿಟ್ಟೆ. ಅವರ ಕಣ್ಣು ನನ್ನ ಮೇಲಿತ್ತು, ಆದರೆ ಎಲ್ಲೋ ದೂರ ಜಾರುತ್ತಿತ್ತು. ಈ ಮನುಷ್ಯ ನನ್ನ ಕಣ್ಣೆದುರೇ ಹೋಗಿಬಿಡುತ್ತಾರೆ ಎನ್ನಿಸಿತು. ಬೆನ್ನ ಹಿಂದೆ ಲೋಹಕ್ಕೆ ಲೋಹ ತಾಗುವ ಸದ್ದು, ಮೇಡಂ ತಮಗೆ ತಾವೇ ಏನೋ ಬೈದುಕೊಂಡದ್ದು, ಆಮೇಲೆ ಗಾಳಿ ಹೊರಟ ಸಣ್ಣ ಶಬ್ದ. ಕೊಳವೆಯನ್ನು ಮೂಗಿಗೆ ಇಟ್ಟರು. ತುಂಬಾ ಹೊತ್ತು ಏನೂ ಬದಲಾಗಲಿಲ್ಲ. ಕೊನೆಗೆ ಆ ಕೈ ನನ್ನ ಬೆರಳುಗಳನ್ನು ಒತ್ತಿತು.

"ಯಾರಿವಳು?" ಎಂದರು ಮುದುಕರು, ದನಿ ಬಂದಾಗ.

"ದುಡ್ಡು ಕೊಡೋರ ಕಡೆಯವಳು," ಎಂದರು ಮೇಡಂ.

"ಮೆಟ್ಟಿಲು ಹತ್ತಿ ಬಂದ್ಲಾ?"

"ಬಂದ್ಲು."

ಅವರು ಕಣ್ಣು ಮುಚ್ಚಿಕೊಂಡರು. ಪಕ್ಕದ ಮನೆಯಾಕೆಯನ್ನು ಅವರ ಜೊತೆ ಕೂರಿಸಿ ನಾವು ಉಳಿದ ಮನೆಗಳಿಗೆ ಹೋದೆವು.

ಎಲ್ಲ ಮುಗಿಸಿ ಹಾಲ್‌ಗೆ ಮರಳಿದಾಗ ಟ್ರಸ್ಟಿಗಳ ಕಾರು ಇರಲಿಲ್ಲ. ಜೊತೆಗಾತಿ ಒಬ್ಬಳೇ ತಣ್ಣಗಾದ ಪಲಾವು ತಿನ್ನುತ್ತಿದ್ದಳು. ಫೋನು ಇನ್ನೂ ಕೈಯಲ್ಲೇ ಇತ್ತು.

"ಎಲ್ರೂ ಸಿಕ್ಕಿದಾರೆ. ಯಾರಿಗೂ ಏನೂ ಆಗಿಲ್ಲ," ಎಂದಳು. ಆಮೇಲೆ ನನ್ನ ಕಡೆ ನೋಡಿ, "ನಿಮ್ಮ ಅಧ್ಯಕ್ಷರು ಅದೇ ಪ್ರಶ್ನೆ ಮತ್ತೆ ಕೇಳಿದ್ರು. ಫೋನ್ ಮಧ್ಯೆ ನನಗೆ ಸಿಟ್ಟು ಬಂತು. 'ಅವರು ಈಗ ಇಲ್ಲವಲ್ಲ, ಕೆಲ್ಸ ನಿಂತಿದೆಯಾ ನೋಡಿ' ಅಂದುಬಿಟ್ಟೆ. ನಿಮ್ಮ ಡಾಕ್ಟರಮ್ಮ ಎದ್ದು ಬಂದು ಇನ್ನೊಂದು ಫೋನ್ ತಗೊಂಡ್ರು. ಅಧ್ಯಕ್ಷರು ಮಾತ್ರ ಎದ್ದು ಹೋದ್ರು. ಎಲ್ಲ ಹಾಳು ಮಾಡಿದೆ ಅನ್ಸುತ್ತೆ."

ಮೇಡಂ ಕುರ್ಚಿ ಎಳೆದು ಕೂತು ಮಂಡಿ ಒತ್ತಿಕೊಂಡರು. "ಹಾಳಾದ್ರೆ ನೀನೇ ರಿಪೇರಿ ಮಾಡ್ಬೇಕು," ಎಂದರು.

"ನನ್ನನ್ನ ಒಂದು ಮಾತು ಕೇಳ್ಬಹುದಿತ್ತು," ಎಂದಳು ಅವಳು. ಮೇಡಂ ತಲೆ ತಗ್ಗಿಸಿ, "ಹೌದು, ಕೇಳ್ಬೇಕಿತ್ತು," ಎಂದರು. ನಾನು ಹೊರಗೆ ಹೋಗಿ ಕಾರಿನಲ್ಲಿ ಕೂತೆ.

ಮರುದಿನ ಅಧ್ಯಕ್ಷರು ಕರೆಸಿಕೊಂಡರು.

"ನೀವು ನಮ್ಮ ಕಡೆಯವರು ಅಂದುಕೊಂಡಿದ್ದೆ," ಎಂದರು.

"ಕಡೆ ಅನ್ನೋದು ಬೇಡ ಅಂತಲೇ ಅಲ್ವಾ ಸರ್, ನಾವು ಪಾಲುದಾರಿಕೆ ಅಂತ ಹೆಸರಿಟ್ಟಿದ್ದು?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಕೆಲಸ ಹೋಯಿತೆಂದೇ ತಿಳಿದೆ. "ನಿನ್ನೆ ಯಾರಾದರೂ ಸತ್ತಿದ್ದರೆ, ನಾವು ಹಣ ಕೊಡಲು ಹೊರಟ ಸಂಸ್ಥೆ ಎಂದು ನಮ್ಮ ಹೆಸರೂ ಬರುತ್ತಿತ್ತು. ಅದು ನನ್ನ ಭಯ. ನಿಮಗೆ ಅರ್ಥವಾಗಲಿ ಅಂತ ಹೇಳ್ತಿದೀನಿ," ಎಂದರು. ಅರ್ಥವಾಯಿತು. ಒಪ್ಪಿಗೆಯಾಗಲಿಲ್ಲ, ಅದನ್ನೂ ಹೇಳಿದೆ.

ಮನೆಗೆ ಬಂದು ನಮ್ಮವರಿಗೆ ಎಲ್ಲ ವಿವರಿಸಿದೆ. ಮುದುಕರ ಕೈಯ ವಿಷಯ ಬಂದಾಗ ನನಗೆ ಅಳು ಬಂತು. ಅವರು ಎದ್ದು ಟೀ ಮಾಡಿಕೊಟ್ಟರು. "ಕೆಲ್ಸ ಹೋದ್ರೆ ನೋಡೋಣ ಬಿಡು," ಎಂದರು. ಆ ದಿನಗಳಲ್ಲಿ ಆ ಮಾತು ಅವರ ಬಾಯಿಂದ ಸುಲಭವಾಗಿ ಬಂದದ್ದಲ್ಲ.

ಟ್ರಸ್ಟಿಗಳ ಸಭೆಯ ಹೊತ್ತು ನಾನು ಕಾರಿಡಾರಿನಲ್ಲಿ ಕಾದೆ. ಹಣವನ್ನು ನೇರವಾಗಿ ಕೊಡುವುದೆಂದು ತೀರ್ಮಾನವಾಯಿತು, ಅಧ್ಯಕ್ಷರ ಮತಕ್ಕೆ ವಿರುದ್ಧವಾಗಿ. ಆದರೆ ನಾನು ಸೂಚಿಸಿದಷ್ಟು ವರ್ಷಕ್ಕಲ್ಲ. ಲೆಕ್ಕಪತ್ರಕ್ಕೆ ಒಬ್ಬ ಪಾಲುದಾರರು ಬೇಕೇಬೇಕೆಂದರು, ಯಾರೆಂಬುದನ್ನು ಸಂಸ್ಥೆಯೇ ಆರಿಸಬಹುದೆಂದರು. ಸಂಸ್ಥೆಯವರು ಆರಿಸಿದ್ದು ಹೇವರ್ಡ್‌ನಲ್ಲಿ ಕಪ್ಪು ಸಮುದಾಯದ ಹೆಂಗಸರೇ ನಡೆಸುವ ಸಣ್ಣ ಲೆಕ್ಕಪರಿಶೋಧನಾ ಕಚೇರಿಯನ್ನು. ನನ್ನ ಕೆಲಸ ಉಳಿಯಿತು. ಆದರೆ ಆ ಸಂಸ್ಥೆಯ ಹೊಣೆಯನ್ನು ನನ್ನಿಂದ ತೆಗೆದು ಬೇರೆಯವರಿಗೆ ಕೊಟ್ಟರು. ಕಾರಣ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ಅಲ್ಲಿಗೆ ಹೋಗುವುದು ಬರೀ ಪರಿಚಯದವಳಾಗಿ. ಜೊತೆಗಾತಿ ಮುಖ್ಯಸ್ಥೆಯಾಗಿದ್ದಾಳೆ. ಕಾರ್ಯಕರ್ತರಲ್ಲಿ ಕೆಲವರನ್ನು ಸಂಬಳಕ್ಕೆ ತೆಗೆದುಕೊಂಡಿದ್ದಾಳೆ, ಮನೆ ಭೇಟಿಯ ಕ್ರಮವನ್ನೇ ಬದಲಿಸಿದ್ದಾಳೆ. ಕಳೆದ ತಿಂಗಳು ಅವಳ ಸಭೆಯೊಂದರಲ್ಲಿ ಮೇಡಂ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತಿದ್ದರು. ಮುಗಿದ ಮೇಲೆ ಅವರನ್ನು ಮನೆಗೆ ಬಿಡುವಾಗ, "ಈ ಹೊಸ ಕ್ರಮ ತಪ್ಪು ಅನ್ಸುತ್ತೆ ನಂಗೆ," ಎಂದರು.

"ಅವಳಿಗೆ ಹೇಳಿದ್ರಾ?"

"ಇಲ್ಲ. ಅವಳು ಕೇಳಿಲ್ಲ."

ಅವರ ಮನೆ ಬಂತು. ಇಳಿದು, ಕಾರಿನ ಬಾಗಿಲು ಮುಚ್ಚುತ್ತ, "ಕೇಳಿದ್ರೂ ಹೇಳ್ತೀನೋ ಇಲ್ವೋ. ಬೀಗದ ಕೈ ಈಗ ಅವಳ ಹತ್ರ," ಎಂದು ಗೇಟಿನ ಕಡೆ ನಡೆದರು.