ಸಿಂಗಳೀಕಕ್ಕೆ ಕೊಡದೆ ಉಳಿದ ಬಾಳೆಹಣ್ಣು

ಆ ದಿನವೂ ಬಚ್ಚಲಿನ ಒಲೆಗೆ ತರಗೆಲೆ ತುಂಬಿ, ಮೊಸರು ಕಡೆದು, ಬೆಣ್ಣೆಯನ್ನು ತಣ್ಣೀರಿಗೆ ಹಾಕಿದ ಮೇಲೆಯೇ ನಾನು ತಲೆ ಬಾಚಿಕೊಂಡದ್ದು. ಯುದ್ಧದ ಕಾಲ. ಸೀಮೆಎಣ್ಣೆ ಸಿಗುತ್ತಿರಲಿಲ್ಲ, ನಸುಕಿನ ಕೆಲಸವೆಲ್ಲ ಒಲೆಯ ಬೆಳಕಿನಲ್ಲೇ.

ಕೊಲ್ಲೂರಿನಲ್ಲಿ ನಮ್ಮ ಮನೆ ದೇವಸ್ಥಾನದ ಬೀದಿಯ ಕೊನೆಯಲ್ಲಿತ್ತು. ಹಿತ್ತಿಲು ದಾಟಿದರೆ ಕಾಡೇ. ಆದರೂ ಆ ಊರಲ್ಲೇ ಹುಟ್ಟಿ ಬೆಳೆದ ನನ್ನ ಅತ್ತೆ ಸಿಂಗಳೀಕವನ್ನು ಒಮ್ಮೆಯೂ ಕಂಡಿರಲಿಲ್ಲ, ಕೂಗು ಮಾತ್ರ ಕೇಳಿದ್ದರು. ಈಗ ಅವರ ಕಣ್ಣಿಗೆ ಪೊರೆ ಬರತೊಡಗಿತ್ತು. ಬಾವಿಯ ಹಗ್ಗವನ್ನು ತಡಕಿ ಹಿಡಿಯುತ್ತಿದ್ದರು.

“ಪೂರಾ ಕತ್ಲಿ ಆಪುದ್ರೊಳಗೆ ಒಂದ್ಸಲ ಕಾಣ್ಕ್ ಮಾರಾಯಾ” ಎಂದು ತಮ್ಮನನ್ನು ಪೀಡಿಸಿ ಒಪ್ಪಿಸಿದ್ದರು. ಕಾಡಂಚಿನಲ್ಲಿ ಬೇಸಾಯ ಮಾಡಿಕೊಂಡಿದ್ದ ಆ ತಮ್ಮನನ್ನು ನಾನು ಚಿಕ್ಕಮಾವ ಎನ್ನುತ್ತಿದ್ದೆ.

ಅತ್ತೆಗೆ ಆಸರೆಯಾಗಿ ನಾನೂ ಹೊರಡುವಾಗ ಚಿಕ್ಕಮಾವ ನನ್ನ ಗಾಜಿನ ಬಳೆಗಳನ್ನು ನೋಡಿ ನಿಂತರು. “ಈ ಗಲಾಟಿ ಕೇಂಡ್ರೆ ಅದ್ ಘಟ್ಟ ಹತ್ತಿ ಶಿವಮೊಗ್ಗೆಗೆ ಹೋತ್ತ್.”

ಮುತ್ತೈದೆ ಬಳೆ ತೆಗೆಯುವುದುಂಟೇ? ಅತ್ತೆ ಹಳೆಯ ಸೀರೆಯ ಅಂಚು ಹರಿದು, ಎರಡೂ ಕೈಯ ಬಳೆಗಳನ್ನು ಗಾಯಕ್ಕೆ ಬಟ್ಟೆ ಕಟ್ಟುವಂತೆ ಸುತ್ತಿದರು.

ಕಾಡೊಳಗೆ ಒಂದು ಹೆಬ್ಬಲಸಿನ ಮರ ಹಣ್ಣಾಗಿತ್ತು. ಅದರ ಬುಡಕ್ಕೆ ಹೋಗದೆ, ದೂರದಲ್ಲೇ ಒಂದು ಬೇರಿನ ಮೇಲೆ ನಮ್ಮನ್ನು ಕೂರಿಸಿದರು ಚಿಕ್ಕಮಾವ. ಮಾತಿಲ್ಲ, ಬೆರಳು ತೋರಿಸುವಂತಿಲ್ಲ. ನನಗೆ ಅದು ಕಷ್ಟವಾಗಲಿಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳು ಮೌನದ ದಿನವೆಂದು ನಮ್ಮ ಬಾಯಿಗೆ ಬೀಗ ಹಾಕಿಸುತ್ತಿದ್ದರು. ಆಗ ಬೇಸರ ಬರುತ್ತಿತ್ತು. ಇಲ್ಲಿ ಎಲೆಯಿಂದ ಎಲೆಗೆ ಇಬ್ಬನಿ ಜಾರುವ ಸದ್ದು ಕೂಡ ಕೇಳಿ ಖುಷಿಯಾಯಿತು.

ಕೊಂಬೆ ತೂಗಿತು. ಕಪ್ಪು ಮೈ, ಮುಖದ ಸುತ್ತ ಬೂದು ಬಿಳಿಯ ಕೇಸರ, ಬಾಲದ ತುದಿಗೆ ಕುಚ್ಚು. ಒಂದರ ಹೊಟ್ಟೆಗೆ ಪುಟ್ಟ ಮರಿಯೊಂದು ಅಂಟಿಕೊಂಡಿತ್ತು. ಅತ್ತೆಯ ಕಿವಿಗೆ ಬಾಯಿಟ್ಟು ಹೇಳಿದೆ.

“ನಂಗೆ ಎಲಿ ಮಾತ್ರ ಕಾಂತ್ ಹೆಣ್ಣೇ” ಎಂದರು, ಅಳುವ ದನಿಯಲ್ಲಿ.

ಆಮೇಲೆ ಅವರ ಕೈ ಮಡಿಲಿಗೆ ಹೋಯಿತು. ಹೊರಬಂದದ್ದು ಬಾಳೆಹಣ್ಣು. ನಮ್ಮ ಬೀದಿಯಲ್ಲಿ ಯಾರೂ ಮಂಗನ ಎದುರು ಬರಿಗೈಯಲ್ಲಿ ನಿಲ್ಲುವವರಲ್ಲ. ಹನುಮಂತನ ಕುಲವೆಂದು ಪ್ರಸಾದದ ಹಣ್ಣನ್ನು ದಿನವೂ ಕೊಡುತ್ತಿದ್ದೆವು. ಇದನ್ನು ತೋರಿಸಿದರೆ ಸಿಂಗಳೀಕವೂ ಹತ್ತಿರ ಬರಬಹುದು, ಬಂದರೆ ಕಾಣಬಹುದು ಎಂಬುದು ಅವರ ಆಸೆ.

“ಬೇಡ ಅಕ್ಕ” ಎಂದು ಚಿಕ್ಕಮಾವ ಪಿಸುಗುಟ್ಟಿದರು. “ಇವತ್ ನಿನ್ ಕೈಯಿಂದ ತಿಂದದ್ದ್ ನಾಳೆ ಗದ್ದೆಗೆ ಬತ್ತ್. ಗದ್ದೆಗೆ ಬಂದದ್ದನ್ ಕೋವಿಯವ ಬಿಡ್ತಿಲ್ಲ. ಮರಿ ಬೇರೆ ಇತ್ತ್.”

ಅತ್ತೆ ಹಣ್ಣಿನ ತೊಟ್ಟನ್ನು ಹೆಬ್ಬೆರಳಿನಿಂದ ಸವರುತ್ತಾ ಕೂತರು. ಕೊನೆಗೆ ಅವರು ಹಣ್ಣನ್ನು ಮತ್ತೆ ಮಡಿಲಿಗೆ ಸೇರಿಸಿ ಸೆರಗು ಮುಚ್ಚಿದರು.

ಬಿಸಿಲು ಗುಡ್ಡದ ನೆತ್ತಿಯನ್ನು ದಾಟಿ ಬಂದಾಗಲೂ ನಾವು ಹಾಗೆಯೇ ಕೂತಿದ್ದೆವು. ಆ ತಾಯಿ ಬಿಸಿಲು ಕಾಯಲೆಂದೋ ಏನೋ, ಎಲೆಯಿಲ್ಲದ ಕೊಂಬೆಯೊಂದಕ್ಕೆ ದಾಟಿ, ಆಕಾಶಕ್ಕೆ ಬೆನ್ನು ಕೊಟ್ಟು ಕೂತಿತು. ಕೇಸರದ ಅಂಚು ಬೆಳ್ಳಿಯ ಹಾಗೆ ಹೊಳೆಯಿತು. ಅತ್ತೆ ಬಟ್ಟೆ ಸುತ್ತಿದ ನನ್ನ ಬಳೆಗಳನ್ನು ಬಿಗಿಯಾಗಿ ಹಿಡಿದರು.

“ಕಂಡೆ” ಎಂದರು. “ಗಡ್ಡ ನಮ್ ಶಾನುಭಾಗ್ರ ಗಡ್ಡದ್ ಹಾಂಗೆ ಇತ್ತಲೆ.”

ನಗು ತಡೆಯಲು ನಾನು ಸೆರಗನ್ನು ಬಾಯಿಗೆ ತುರುಕಿಕೊಂಡೆ. ಚಿಕ್ಕಮಾವನ ಭುಜವೂ ಕುಲುಕುತ್ತಿತ್ತು.

ಮರಳುವ ದಾರಿಯಲ್ಲಿ ಆ ಬಾಳೆಹಣ್ಣನ್ನು ಅತ್ತೆ ಮುರಿದು ನನಗೂ ಕೊಟ್ಟರು. ಸಿಪ್ಪೆಯನ್ನು ಕಾಡಿನಲ್ಲಿ ಬಿಸಾಡದೆ ಮನೆಯ ದನಕ್ಕೆಂದು ಕಟ್ಟಿಕೊಂಡರು. ಮನೆ ಸೇರುವವರೆಗೂ ಶಾನುಭಾಗರ ಮಾತು ಎತ್ತಿ ಎತ್ತಿ ನಕ್ಕೆವು.

ಸಂಜೆ ದೀಪಕ್ಕೆ ಬತ್ತಿ ಹೊಸೆಯುತ್ತಾ ಜಗಲಿಯಲ್ಲಿ ಕೂತಿದ್ದಾಗ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಕರೆದಳು.

“ಹ್ವಾಯ್, ನೀವ್ ಆಚೆ ಹೋದದ್ದೇ ಊರ್ ಮಂಗ ಬಂದ್ ನಿಮ್ ಹಿತ್ಲ ಬಾಳಿಗೊನಿ ಪೂರಾ ಮುಗ್ಸಿತ್. ದಿನಾ ಕರ್ದ್ ಕೊಡುದ್ ನೀವೇ ಅಲ್ದಾ? ನೆಂಟ್ರ್ ಅಂದ್ಕಂಡ್ ನಾನ್ ಓಡ್ಸುಕ್ ಹೋಯ್ಲಿಲ್ಲ.”