ಹನ್ನೊಂದನೇ ನಂಬರ್

ಕಳೆದ ಮಂಗಳವಾರ ಒಬ್ಬ ಹೆಂಗಸು ತನ್ನ ಮುಂಗೈಗೆ ಅಂಟಿಸಿದ್ದ ಒಂದಂಗುಲದ ಪ್ಲಾಸ್ಟರನ್ನು ಕೀಳಲು ಬಿಡಲಿಲ್ಲ. ನಾಲ್ಕು ದಿನವಾಯಿತು, ನನಗಿನ್ನೂ ಅದರಿಂದ ಆಚೆ ಬರಲಾಗಿಲ್ಲ.

ಕೆ.ಆರ್. ಪೇಟೆ ತಾಲ್ಲೂಕಿನ ಒಂದೂರಿನಲ್ಲಿ (ಯಾವ ಊರೆಂದು ಕೇಳಬೇಡಿ, ಅವಳು ಅಲ್ಲೇ ಬದುಕಬೇಕು) ಸಂತಾನಹರಣ ಚಿಕಿತ್ಸೆಯ ಕ್ಯಾಂಪು. ನಮ್ಮ ಕಡೆ ಆಪರೇಷನ್ ಎಂದರೆ ಇದೊಂದೇ. ನನ್ನ ನಾದಿನಿಯನ್ನು ಕರೆದುಕೊಂಡು ಹೋಗಿದ್ದೆ. ಹಜಾರದಲ್ಲಿ ಚಾಪೆ ಹಾಸಿ ಹೆಂಗಸರನ್ನು ಸಾಲಾಗಿ ಕೂರಿಸಿದ್ದರು. ಒಬ್ಬೊಬ್ಬರ ಮುಂಗೈಗೂ ಪ್ಲಾಸ್ಟರ್, ಅದರ ಮೇಲೆ ನಂಬರ್. ನಾದಿನಿ ಹತ್ತು. ಪಕ್ಕದವಳು ಹನ್ನೊಂದು. ಎರಡು ಮಕ್ಕಳು, ಎರಡು ಸೀಮೆಹಸು. "ಗಂಡಸ್ರಿಗಿಂತ ಅಸುಗಳೇ ವಾಸಿ ಕಣಕ್ಕ, ಒದೀತವೆ ಅಂತ ಮೊದ್ಲೇ ಗೊತ್ತಿರ್ತದೆ" ಎಂದು ನಾದಿನಿಯನ್ನು ನಗಿಸುತ್ತಿದ್ದಳು.

ಬಿ.ಪಿ. ನೋಡಲು ಬಂದ ನರ್ಸ್, "ಬೇರೇನಾದ್ರೂ ಕಾಯಿಲೆ ಇದ್ಯೇನಮ್ಮ?" ಎಂದರು. ಎಲ್ಲರನ್ನೂ ಕೇಳುವ ಪ್ರಶ್ನೆ. ಇವಳು ದನಿ ತಗ್ಗಿಸಿ ನಿಜ ಹೇಳಿದಳು. ಗಂಡ ಹಾಸಿಗೆ ಹಿಡಿದಾಗ ಮೈಸೂರಿನಲ್ಲಿ ಇಬ್ಬರ ರಕ್ತವನ್ನೂ ನೋಡಿದ್ದರಂತೆ. ಇಬ್ಬರಿಗೂ ಎಚ್‌ಐವಿ.

ನರ್ಸ್ ದನಿ ತಗ್ಗಿಸಲಿಲ್ಲ.

"ಏಡ್ಸಾ? ಮತ್ತೆ ಇಲ್ಲಿಗ್ಯಾಕ್ ಬಂದೆ? ಗಂಡನ ಜೊತೆ ಮಲಗೋದ್ನೇ ಬಿಡ್ಬೇಕಲ್ವಾ ನೀನು!"

"ಆ ಮಾತ ಅವ್ನಿಗೂ ಒಸಿ ಏಳ್ಬುಡಿ ನರ್ಸಮ್ಮ. ಮಾಡಿಸ್ಕೊ ಮಾಡಿಸ್ಕೊ ಅಂತ ಎಲ್ಡು ವರ್ಸ ನಮ್ಮಟ್ಟಿಗೆ ತಿರುಗ್ದೋರು ನೀವೇ ಅಲ್ವರಾ? ಈಗ ನಾನಾಗೇ ಬಂದಿವ್ನಿ. ಇನ್ನೊಂದ್ ಮಗ ಆಗಿ, ಅದ್ಕೂ ಇದು ಅಂಟ್ಕಂಡ್ರೆ ಯಾರ್ ನೋಡ್ತಾರೆ?"

(ನಿರೋಧ್ ಎಂಬುದೊಂದಿದೆ ಎಂದು ಅಷ್ಟು ಜನರಲ್ಲಿ ಒಬ್ಬರೂ ಅವಳಿಗೆ ಹೇಳಲಿಲ್ಲ.)

ಹೆಂಗಸರು ಚಾಪೆ ಎಳೆದುಕೊಂಡು ದೂರ ಸರಿದರು. ಮುಚ್ಚಿಡುವುದೇಕೆ? ನಾನೂ ನಾದಿನಿಯ ತೋಳು ಹಿಡಿದು ಇತ್ತ ಎಳೆದುಕೊಂಡೆ. ಪಕ್ಕದಲ್ಲಿ ಕೂತರೆ ಅಂಟುವುದಿಲ್ಲ ಎಂದು ಇದೇ ಅಂಕಣದಲ್ಲಿ ಬರೆದವಳು ನಾನು.

ನರ್ಸ್ ಪ್ಲಾಸ್ಟರಿಗೆ ಕೈಹಾಕಿದರು. ಅವಳು ಮುಂಗೈಯನ್ನು ಎದೆಗೆ ಅವುಚಿಕೊಂಡಳು. "ಮುಟ್ಬೇಡಿ. ನಾನ್ ಓಗಕಿಲ್ಲ."

ಗದ್ದಲಕ್ಕೆ ಡಾಕ್ಟರು ಹೊರಬಂದರು. ಕೆಟ್ಟವರಲ್ಲ, ದಣಿದಿದ್ದರು. "ನೋಡಮ್ಮ, ನಿನಗೆ ಮಾಡಿದ್ಮೇಲೆ ಸಾಮಾನೆಲ್ಲ ಪೂರ್ತಿ ಶುದ್ಧ ಮಾಡ್ಬೇಕು. ಅದಕ್ಕೆ ಟೈಮ್ ಹಿಡಿಯುತ್ತೆ. ಇಷ್ಟು ಜನ ಕಾಯ್ತಾ ಇದ್ದಾರೆ. ಮೈಸೂರಿಗೆ ಹೋಗು."

ಅವಳು ಸಾಲಿನತ್ತ ತಿರುಗಿ ನೋಡಿದಳು.

"ಅಂಗಾರೆ ಇವ್ರಿಗೆಲ್ಲ ಮಾಡ್ದಾಗ ಪೂರ್ತಿ ಮಾಡಕಿಲ್ವಾ ಸಾ?"

ಆಮೇಲೆ ಎದ್ದು ನಿಂತವಳು, ನಾನು ಇತ್ತ ಎಳೆದುಕೊಂಡಿದ್ದ ನನ್ನ ನಾದಿನಿ.

"ಅದ್ಕೇನ್ ಏಳ್ತೀರಿ ಡಾಕ್ಟ್ರೇ? ನನ್ಗಿಂತ ಮುಂದೆ ಒಂಬತ್ ಜನ ಒಳಕ್ಕೋಗವ್ರೆ. ಆ ಸಾಮಾನೇ ತಾನೆ ನಂಗೂ? ನಮ್ಮೆದುರ್ಗೇ ಶುದ್ಧ ಮಾಡಿ. ಅಲ್ಲೀಗಂಟ ನಾನೂ ಬರಕಿಲ್ಲ."

"ನಾನೂವೆ" ಎಂದಳು ಹನ್ನೆರಡು. ಆ ಬಳಿಕ ಹದಿನೈದು.

ಡಾಕ್ಟರು ಒಳಗೆ ಹೋಗಿ ಸಾಮಾನು ಕುದಿಸಲು ಸ್ಟೌವ್ ಹಚ್ಚಿಸಿದರು. ಒಂದು ಗಂಟೆ ತಡವಾಯಿತು. ಹನ್ನೊಂದನೇ ನಂಬರಿಗೂ ಆಪರೇಷನ್ ಆಯಿತು. ಆದರೆ ಎಲ್ಲರಿಗಿಂತ ಕೊನೆಗೆ, ಸಂಜೆ ಐದಕ್ಕೆ.

ಅವಳನ್ನು ಕೊನೆಗೆ ತಳ್ಳಿದವರನ್ನು ಒಂದೇ ಮಾತು ಕೇಳುತ್ತೇನೆ: ತನ್ನ ರಕ್ತದಲ್ಲಿ ಏನಿದೆ ಎಂದು ಗೊತ್ತಿದ್ದವಳು ಆ ಸಾಲಿನಲ್ಲಿ ಅವಳೊಬ್ಬಳೇ ಅಲ್ಲವೇ?